ಹಾಡಿನ ಪೆಟ್ಟಿಗೆಗೂ ಸೂತಕ

ಕೆಂಪರಾಜು ಮನುಷ್ಯರ ಮೇಲೆ ಸಿಟ್ಟು ಮಾಡಿಕೊಂಡದ್ದನ್ನು ನಾನು ಕಂಡದ್ದು ಕಡಿಮೆ. ಅಡ್ಡ ನುಗ್ಗಿದ ಟಿಪ್ಪರ್‌ನವನನ್ನೂ “ಪಾಪ, ನಿದ್ದೆಗೆಟ್ಟವ್ನೆ” ಎಂದು ಬಿಟ್ಟುಬಿಡುತ್ತಾನೆ. ಅವನ ಸಿಟ್ಟೆಲ್ಲ ಯಂತ್ರಗಳ ಮೇಲೆ. ಕಾರ್ಡು ನುಂಗಿದ ಎಟಿಎಂಗೆ, ತೆರೆಯದ ಟೋಲ್ ಗೇಟಿಗೆ, ‘ಎಡಕ್ಕೆ ತಿರುಗಿ’ ಎಂದು ಕೆರೆಯೊಳಕ್ಕೆ ದಾರಿ ತೋರಿಸುವ ಫೋನಿಗೆ ಅವನು ಬೈಯುವುದನ್ನು ಕೇಳಬೇಕು. ಅವಕ್ಕೂ ಮಾನ ಮರ್ಯಾದೆ ಇದ್ದಿದ್ದರೆ ಅವತ್ತೇ ಕೆಲಸ ಬಿಡುತ್ತಿದ್ದವು. ಇಂಥ ಮನುಷ್ಯ ಮನೆಯಲ್ಲೇ ಒಂದು ಯಂತ್ರ ಸಾಕಿ, ಅದನ್ನು ನಂಬಿ, ಅದರಿಂದಲೇ ಒಡಹುಟ್ಟಿದ ತಂಗಿಯನ್ನು ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದ.

ನಾವಿಬ್ಬರೂ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಓಡಿಸುತ್ತೇವೆ. ನಾನು ಮೂರ್ತಿ, ಇಲ್ಲೇ ಕೋಟೆಯೊಳಗಿನ ಬೀದಿಯವನು; ಅವನು ದೊಡ್ಡಬೆಳವಂಗಲದವನು. ಓಡಿಸುತ್ತೇವೆ ಎನ್ನುವುದು ಬಾಯಿಮಾತು. ದಿನದ ಬಹುಪಾಲು ಪಾರ್ಕಿಂಗ್ ಬಯಲಿನಲ್ಲಿ ಸರದಿ ಬರಲಿ ಎಂದು ಕಾಯುತ್ತಿರುತ್ತೇವೆ. ಕಾಯುವಾಗ ಕೆಲವರು ಇಸ್ಪೀಟು ಆಡುತ್ತಾರೆ, ಕೆಲವರು ಸೈಟಿನ ರೇಟು ಮಾತಾಡುತ್ತಾರೆ. ಕೆಂಪರಾಜು ಸೀಟು ಹಿಂದಕ್ಕೆ ಬಾಗಿಸಿ ಹಾಡು ಕೇಳುತ್ತಾನೆ. ಆಗೆಲ್ಲ ಅವನೂ ನಮ್ಮ ಹಾಗೆ ಫೋನಿನ ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಿ ಕೇಳುವವನೇ ಆಗಿದ್ದ.

ಒಂದು ಬೆಳಿಗ್ಗೆ ಅವನ ಕಾರಿನಿಂದ ಬೈಗುಳ ಶುರುವಾಯಿತು. ಹೋಗಿ ನೋಡಿದರೆ ಫೋನು ಹಿಡಿದು ಕೂತಿದ್ದಾನೆ. ಅವನಿಗೆ ಪ್ರಾಣವಾದ ಒಂದು ಹಳೆಯ ಹಾಡು ಪರದೆಯ ಮೇಲೆ ಬೂದಿ ಬಣ್ಣಕ್ಕೆ ತಿರುಗಿದೆ. ಒತ್ತಿದರೆ ‘ಈ ಹಾಡು ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎನ್ನುತ್ತಿದೆ.

“ನನ್ ಪ್ರದೇಶ ಅಂದ್ರೆ ಯಾವ್ದು ಗುರು? ದೊಡ್‌ಬಳ್ಳಾಪುರದ ಬಸ್‌ಸ್ಟ್ಯಾಂಡಲ್ಲಿ ಕ್ಯಾಸೆಟ್ ತಗಂಡು ಕೇಳಿರೋ ಹಾಡಿದು. ಅವತ್ತು ಇವ್ರು ಎಲ್ಲಿದ್ರು?”

“ದುಡ್ ಕಟ್ಟೋದು ಮರ್ತಿದೀಯೇನೋ ನೋಡು,” ಎಂದೆ.

“ಕಟ್ಟಿದೀನಿ ಕಣೋ! ನಾವ್ ಬಾಡಿಗೆ ಕಟ್ತಾ ಇರೋದು, ಅವ್ರು ಮನಸ್ ಬಂದಾಗ ಬೀಗ ಹಾಕೋದು. ಅಲ್ಲ ಮೂರ್ತಿ, ರಾಗಿನ ಯಾರಾದ್ರೂ ಬಾಡಿಗೆಗೆ ತಂದು ಉಣ್ತಾರಾ? ಮನೇಲಿ ಮೂಟೆ ಕಟ್ಟಿ ಇಟ್ಕಂತಾರೆ ತಾನೆ?”

ಇದನ್ನು ಅವನು ತಮಾಷೆಗೆ ಹೇಳಿದನೆಂದು ನಾನಂದುಕೊಂಡೆ. ಅವನು ನಿಜಕ್ಕೂ ಮೂಟೆ ಕಟ್ಟಲು ಹೊರಟ. ಮಾರನೆಯ ದಿನದಿಂದ ಪಾರ್ಕಿಂಗ್ ಬಯಲಿನಲ್ಲಿ ಹಾಡು ಬಂದ್, ಫೋನಿನಲ್ಲಿ ಪಾಠ ಶುರು. ಸ್ವಂತ ಹಾಡುಗಳನ್ನು ಸ್ವಂತ ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡು, ಎಲ್ಲೇ ಇದ್ದರೂ ಫೋನಿನಲ್ಲಿ ಕೇಳುವುದು ಹೇಗೆಂದು ಯಾರೋ ಪುಣ್ಯಾತ್ಮ ಕನ್ನಡದಲ್ಲೇ ಹೇಳಿಕೊಡುವ ವಿಡಿಯೋಗಳಿದ್ದವು. ಒಂದೊಂದನ್ನು ಹತ್ತು ಸಲ ನೋಡುತ್ತಿದ್ದ. ನಾವೆಲ್ಲ ಅವನನ್ನು ‘ಇಂಜಿನಿಯರ್ ಸಾಹೇಬ್ರೇ’ ಎಂದು ಕರೆದು ಗೋಳು ಹೊಯ್ದುಕೊಂಡೆವು. ಸರದಿ ಬಂದರೂ ಗೊತ್ತಾಗದೆ ಹಿಂದಿನ ಗಾಡಿಯವನಿಂದ ಹಾರ್ನ್ ಹೊಡೆಸಿಕೊಂಡದ್ದೂ ಉಂಟು.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆಯ ಕಂಪ್ಯೂಟರ್ ಬಂತು. ಅದನ್ನು ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ, ರಾಗಿ ತುಂಬಿದ ಡ್ರಮ್ಮಿನ ಪಕ್ಕದಲ್ಲೇ ಇಟ್ಟ. ಅವನ ಹೆಂಡತಿ ಶಶಿರೇಖಾ ಮೊದಲ ದಿನ ಅದರ ಮೇಲೆ ಹಪ್ಪಳ ಒಣಗಿಸಲು ನೋಡಿದಳು, ಬೆಚ್ಚಗಿದೆ ಎಂದು. ಆಮೇಲೆ ಅದಕ್ಕೆ ‘ಹಾಡಿನ ಪೆಟ್ಟಿಗೆ’ ಎಂದು ಅವಳೇ ಹೆಸರಿಟ್ಟಳು. ಅಟ್ಟದಿಂದ ಕ್ಯಾಸೆಟ್ಟುಗಳು, ಸೀಡಿಗಳು ಇಳಿದವು. ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ವೈರು. ಒಂದು ಕ್ಯಾಸೆಟ್ ಇಳಿಸಬೇಕಾದರೆ ಅದನ್ನು ಪೂರ್ತಿ ಓಡಿಸಬೇಕು, ಅವಸರ ಮಾಡುವಂತಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಆ ಮನೆಯಲ್ಲಿ ಯಾರು ಏನು ಮಾಡುತ್ತಿದ್ದರೂ ಹಿಂದೆ ಒಂದು ಕ್ಯಾಸೆಟ್ ಓಡುತ್ತಲೇ ಇತ್ತು. ಸಿನಿಮಾ ಹಾಡು, ಭಜನೆ, ಹರಿಕಥೆ, ಅವನ ಮದುವೆಯಲ್ಲಿ ಹೆಂಗಸರು ಹೇಳಿದ ಸೋಬಾನೆ ಪದ, ಅದರ ನಡುವೆ ಯಾರೋ “ಎಲೆ ಎತ್ತಬ್ಯಾಡ್ರೋ” ಎಂದು ಕೂಗಿದ್ದು ಎಲ್ಲ ಒಳಗೆ ಹೋಯಿತು.

ಅವನು ಹಾಡುಗಳನ್ನು ವಿಂಗಡಿಸಿದ ರೀತಿ ನನಗೆ ಬಹಳ ಹಿಡಿಸಿತು. ಸಿನಿಮಾದ ಹೆಸರಿಲ್ಲ, ಹಾಡಿದವರ ಹೆಸರಿಲ್ಲ. ಯಾವ ಹಾಡನ್ನು ಯಾವ ಕೆಲಸ ಮಾಡುವಾಗ ಕೇಳಬೇಕೋ ಆ ಕೆಲಸದ ಹೆಸರು. ‘ಕಳೆ ಕೀಳುವಾಗ’, ‘ಗಾಡಿ ತೊಳೆಯುವಾಗ’, ‘ಟ್ರಿಪ್ ಸಿಗದಿದ್ದಾಗ’. ಈ ಕೊನೆಯದರಲ್ಲಿ ಹಾಡುಗಳು ಬಹಳ ಇದ್ದವು.

‘ಹಾಲು ಕರೆಯುವಾಗ’ ಎಂಬುದು ಅವನ ತಂಗಿ ಭಾಗ್ಯಮ್ಮನಿಗಾಗಿ ಮಾಡಿದ್ದು. ಅವಳನ್ನು ಹೊಸಕೋಟೆ ಕಡೆ ಸಮೇತನಹಳ್ಳಿಗೆ ಕೊಟ್ಟಿದ್ದರು. ಮನೆಯಲ್ಲಿ ಹಸುಗಳಿದ್ದವು. ಪೆಟ್ಟಿಗೆ ಸಿದ್ಧವಾದ ವಾರದಲ್ಲೇ ಕೆಂಪರಾಜು ತಾನೇ ಹೋಗಿ ಅವಳ ಫೋನಿಗೆ ಹಾಕಿಕೊಟ್ಟು ಬಂದಿದ್ದ. ಪಾಸ್‌ವರ್ಡು ಗೀಸ್‌ವರ್ಡು ಎಲ್ಲ ಅವನೇ ಒತ್ತಿ, “ಇನ್ ನೀನೇನೂ ಮಾಡ್ಬೇಡ, ಈ ಚಿತ್ರ ಒತ್ತು, ತೌರ ಮನೆ ಹಾಡು ಬರ್ತದೆ,” ಎಂದಿದ್ದನಂತೆ. ಅವಳು ಬೆಳಿಗ್ಗೆ ಸಂಜೆ ಕೊಟ್ಟಿಗೆಯ ಗೂಟಕ್ಕೆ ಫೋನು ತೂಗುಹಾಕಿ ಹಾಲು ಕರೆಯುತ್ತಿದ್ದಳು. ಹಾಡು ಹಾಕಿದರೆ ಹಸು ಬೇಗ ಸೊರ ಬಿಟ್ಟು ಹಾಲು ಇಳಿಸುತ್ತದೆ ಎಂದು ಊರಿಗೆಲ್ಲ ಹೇಳಿದ್ದಳು. ಹೀಗೆ ಪೆಟ್ಟಿಗೆಯ ಹಾಡು ಕೇಳಬಲ್ಲವರು ಒಟ್ಟು ನಾಲ್ಕೇ ಜನ: ಹೆಂಡತಿ, ಮಗಳು ಕೀರ್ತನ, ತಂಗಿ, ಮತ್ತೆ ನಾನು.

ಎಲ್ಲ ಚೆನ್ನಾಗಿದ್ದಾಗಲೇ ಮದುವೆ ಮಾತು ಬಂತು. ನಮ್ಮ ಕಡೆ ಅಣ್ಣನ ಮಗಳನ್ನು ತಂಗಿಯ ಮಗನಿಗೆ ತರುವುದು ಹಳೆಯ ವಾಡಿಕೆ. ಕೀರ್ತನ ಹುಟ್ಟಿದ ದಿನವೇ ಭಾಗ್ಯಮ್ಮ “ಇವ್ಳು ನಮ್ ಸುನಿಲಂಗೆ” ಎಂದು ಘೋಷಿಸಿಬಿಟ್ಟಿದ್ದಳು. ಎಲ್ಲರೂ ನಕ್ಕು ಹೂಂ ಅಂದಿದ್ದರು. ಭಾಗ್ಯಮ್ಮ ಮಾತ್ರ ನಕ್ಕು ಮರೆಯಲಿಲ್ಲ. ಸುನಿಲ್‌ಕುಮಾರ್ ಹೊಸಕೋಟೆಯಲ್ಲಿ ಕಾರ್ಖಾನೆ ಸೇರಿದ ಮೇಲೆ, ಕೀರ್ತನ ದೊಡ್ಡಬಳ್ಳಾಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ ಮೇಲೆ, ಹೆಣ್ಣು ಕೇಳಲು ಹೇಳಿಕಳಿಸಿದಳು. ಕೀರ್ತನ ಒಲ್ಲೆ ಎಂದಳು. “ಸುನಿಲನ ಮೇಲೆ ನಂಗೇನೂ ಬೇಜಾರಿಲ್ಲಪ್ಪ. ಅವನ ಜೊತೆ ಜುಟ್ಟು ಹಿಡಿದು ಜಗಳ ಆಡ್ಕೊಂಡು ಬೆಳೆದಿದೀನಿ. ಗಂಡ ಅಂತ ಹೆಂಗ್ ನೋಡ್ಲಿ?” ಸುನಿಲನನ್ನು ಕೇಳಿದ್ದಕ್ಕೆ “ಅಮ್ಮ ಹೇಳ್ದಂಗೆ” ಎಂದನಂತೆ. ಆ ಹುಡುಗ ಊಟಕ್ಕೂ ಹಾಗೇ ಹೇಳುತ್ತಾನೆ.

ಯಾರಿಗೂ ಇಲ್ಲ ಎನ್ನಲಾರದ ಕೆಂಪರಾಜು ಮಗಳ ಪರ ನಿಂತ. ಇದಕ್ಕೆ ಅವನನ್ನು ಮೆಚ್ಚಬೇಕು. ಆದರೆ ಆ ‘ಇಲ್ಲ’ವನ್ನು ತಂಗಿಯ ಎದುರು ಕೂತು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಚಿಕ್ಕಪ್ಪ ನರಸಿಂಹಯ್ಯನನ್ನು ಕಳಿಸಿ ಹೇಳಿಸಿದ. ಭಾಗ್ಯಮ್ಮ ಚಿಕ್ಕಪ್ಪನಿಗೆ ಕಾಫಿ ಕೊಟ್ಟು, ಬಸ್ಸಿನವರೆಗೆ ಬಂದು ಹತ್ತಿಸಿ, ಅಣ್ಣನ ಜೊತೆ ಮಾತು ಬಿಟ್ಟಳು. ಆ ವರ್ಷ ಗೌರಿ ಹಬ್ಬಕ್ಕೆ ಅಣ್ಣ ಕಳಿಸಿದ ಬಾಗಿನದ ಮೊರ ಕಟ್ಟಿದ ಹಾಗೇ ವಾಪಸ್ಸು ಬಂತು. ತವರಿನ ಬಾಗಿನ ಹಿಂದಿರುಗಿಸುವುದೆಂದರೆ ನಮ್ಮಲ್ಲಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಶಶಿರೇಖಾ ಆ ಮೊರವನ್ನು ಬಿಚ್ಚದೆ ದೇವರ ಗೂಡಿನ ಕೆಳಗೆ ಇಟ್ಟು ಅತ್ತಳಂತೆ.

ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ. ಕೆಂಪರಾಜು ಹಾಡು ಕೇಳುವುದು ಬಿಟ್ಟು ಫೋನಿನಲ್ಲಿ ಏನನ್ನೋ ನೋಡುತ್ತಾ ಕೂರುವುದನ್ನು ಗಮನಿಸಿ, ಒಂದು ಸಂಜೆ ಅವನ ಪಕ್ಕದ ಸೀಟಿಗೆ ಹೋಗಿ ಕೂತೆ. ಅವನು ನೋಡುತ್ತಿದ್ದದ್ದು ಪೆಟ್ಟಿಗೆಯ ಯಜಮಾನನಿಗೆ ಮಾತ್ರ ಕಾಣುವ ಒಂದು ಪುಟ. ಯಾರು ಈಗ ಹಾಡು ಕೇಳುತ್ತಿದ್ದಾರೆ ಎಂದು ಅದರಲ್ಲಿ ತೋರಿಸುತ್ತದೆ. ನಾಲ್ಕು ಹೆಸರಿನಲ್ಲಿ ಒಂದರ ಪಕ್ಕ ಹಸಿರು ಚುಕ್ಕೆ ಇತ್ತು. ಭಾಗ್ಯ. ‘ಹಾಲು ಕರೆಯುವಾಗ’.

“ನೋಡು,” ಎಂದ. “ಮಾತು ಬಿಟ್ಟವ್ಳೆ, ಹಾಡ್ ಬಿಟ್ಟಿಲ್ಲ.”

ಐವತ್ತು ದಾಟಿದ ಗಂಡಸು, ಒಂದು ಹಸಿರು ಚುಕ್ಕೆ ನೋಡಿಕೊಂಡು ತಂಗಿ ಚೆನ್ನಾಗಿದ್ದಾಳೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಚುಕ್ಕೆ ತಡವಾಗಿ ಬಂದರೆ ಹಸುವಿಗೆ ಹುಷಾರಿಲ್ಲವೇನೋ, ಬಾರದಿದ್ದರೆ ಅವಳಿಗೇ ಜ್ವರವೇನೋ ಎಂದು ಲೆಕ್ಕ ಹಾಕುತ್ತಿದ್ದ. ಆದರೆ ಕರುಣೆಯ ಜೊತೆಗೆ ನನಗೆ ರೇಗಿಯೂ ಹೋಯಿತು.

“ಚುಕ್ಕೆ ನೋಡೋ ಬದ್ಲು ಒಂದ್ ಫೋನ್ ಮಾಡೋ ಮಾರಾಯ!”

“ಎತ್ತದೇ ಇದ್ರೆ? ಇದ್ನೂ ನಿಲ್ಲಿಸ್ಬಿಟ್ರೆ? ನಾನ್ ನೋಡ್ತಿದೀನಿ ಅಂತ ಗೊತ್ತಾದ್ರೆ ಖಂಡಿತ ನಿಲ್ಲಿಸ್ತಾಳೆ. ನಿಂಗೊತ್ತಿಲ್ಲ ಅವ್ಳ ಹಟ.”

ಕೀರ್ತನ ಕೂಡ ಅವನಿಗೆ ಹೇಳಿದ್ದಳಂತೆ, “ಅಪ್ಪ, ಅತ್ತೆಗೆ ಗೊತ್ತಿಲ್ಲದ ಹಾಗೆ ನೋಡೋದು ಸರಿಯಲ್ಲ” ಎಂದು. ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವನಿಗೆ ತಂಗಿ ಎಂದು ಉಳಿದಿದ್ದದ್ದು ಆ ಚುಕ್ಕೆಯೊಂದೇ.

ಹೀಗೆ ಒಂದು ವರ್ಷದ ಹತ್ತಿರ ನಡೆಯಿತು. ಆಮೇಲೆ ನರಸಿಂಹಯ್ಯ ತೀರಿಕೊಂಡರು. ವಯಸ್ಸಾಗಿತ್ತು, ಮಲಗಿದಲ್ಲೇ ಹೋದರು. ಸಾವಿಗೆ ಯಾರೂ ಕರೆಯಲೆಂದು ಕಾಯುವುದಿಲ್ಲ, ಭಾಗ್ಯಮ್ಮ ಬಂದಳು. ಹೆಣದ ತಲೆಯ ಕಡೆ ಹೆಂಗಸರ ನಡುವೆ ಕೂತು ಚಿಕ್ಕಪ್ಪನನ್ನು ನೆನೆದು ನೆನೆದು ಅತ್ತಳು. ನಾನೂ ಅಲ್ಲಿದ್ದೆ. ಅಣ್ಣ ಇದ್ದ ಕಡೆ ಅವಳು ಒಂದು ಸಲವೂ ತಿರುಗಲಿಲ್ಲ. ಕೆಂಪರಾಜು ಎರಡು ಸಲ ಅವಳ ಹತ್ತಿರ ಹೋಗಲು ಹೆಜ್ಜೆ ಇಟ್ಟು, ಎರಡು ಸಲವೂ ಚಟ್ಟದ ಹಗ್ಗ ಸರಿಮಾಡುವವನ ಹಾಗೆ ಬಗ್ಗಿಬಿಟ್ಟ. ಮಣ್ಣು ಮಾಡಿ ಬರುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಕೊಟ್ಟ ಹೆಣ್ಣಿಗೆ ತವರಿನ ಸೂತಕ ಅಷ್ಟಿಲ್ಲ. ಬೇಗ ಕಳೆದು ಅವಳ ಮನೆಯಲ್ಲಿ ಒಲೆ, ಹಸು, ಡೇರಿ ಎಲ್ಲ ಎಂದಿನಂತೆ ನಡೆಯುತ್ತದೆ. ದಾಯಾದಿಯಾದ ಕೆಂಪರಾಜುವಿಗೆ ಮಾತ್ರ ಪೂರ್ತಿ ಸೂತಕ.

ಅವತ್ತು ಸಂಜೆ ಕಾರಿನಲ್ಲಿ ಹಾಡು ಹಾಕಿದರೆ ನನ್ನ ಫೋನಿನಲ್ಲಿ ಚಕ್ರ ಗರಗರ ತಿರುಗುತ್ತಾ ಕೂತಿತು. ಮಾರನೆಯ ದಿನವೂ ಅದೇ. ಕೆಂಪರಾಜು ಕೆಲಸಕ್ಕೆ ಬಂದ ಮೇಲೆ ವಿಚಾರಿಸಿದೆ.

“ಪೆಟ್ಟಿಗೆ ಆಫ್ ಮಾಡಿದೀನಿ,” ಎಂದ. “ಸೂತಕ ಅಲ್ವಾ.”

“ಸೂತಕ ನಿಮ್ಮನೆಗೆ. ನನ್ ಕಾರಿಗೆ ಯಾಕೋ?”

“ಹಾಡು ಹೊರಡೋದು ನಮ್ಮನೆಯಿಂದ ತಾನೆ? ಟೀವಿಗೂ ಬಟ್ಟೆ ಮುಚ್ಚಿದೀವಿ.”

“ಟೀವಿ ಸದ್ದು ಮಾಡ್ತದೆ. ನಿನ್ ಪೆಟ್ಟಿಗೆ ರಾಗಿ ಡ್ರಮ್ ಪಕ್ಕ ಸುಮ್ನೆ ಕೂತಿರ್ತದೆ. ಸದ್ದು ಇಲ್ಲಿ, ದೇವನಹಳ್ಳೀಲಿ. ನಮ್ ಕಡೆ ಯಾರೂ ಸತ್ತಿಲ್ಲ.”

ಪಕ್ಕದ ಗಾಡಿಯ ಬೈರಪ್ಪ ಎನ್ನುವವನು ಇಳಿದು ಬಂದು ಪಂಚಾಯ್ತಿಗೆ ಸೇರಿಕೊಂಡ. ಬಾವಿ ಸೂತಕದವರದಾದರೆ ನೀರು ಸೇದಿದವರಿಗೂ ಅಂಟುತ್ತದೆ ಎಂದು ಅವನ ವಾದ. ಬಾವಿ ಬೇರೆ, ನಲ್ಲಿ ಬೇರೆ ಎಂದು ನನ್ನ ವಾದ. ಗಾಡಿಗೆ ಇಲ್ಲದ ಸೂತಕ ಕಂಪ್ಯೂಟರಿಗೆ ಎಲ್ಲಿಂದ ಬಂತು, ಟ್ರಿಪ್ ಹೊಡೆಯುತ್ತಿಲ್ಲವೇ ಎಂದು ಕೇಳಿದೆ.

“ಗಾಡಿ ಅನ್ನ ಕಣೋ,” ಎಂದ ಕೆಂಪರಾಜು. “ಹಾಡು ಹಬ್ಬ. ಚಿಕ್ಕಪ್ಪ ನನ್ನ ಹೆಗಲ ಮ್ಯಾಲೆ ಹೊತ್ಕಂಡು ತಿರುಗಿದೋನು. ಸೂತಕ ಕಳೆಯೋಗಂಟ ಹಬ್ಬ ಬ್ಯಾಡ.”

ಅದಕ್ಕೆ ನಾವು ಸುಮ್ಮನಾದೆವು. ಅವನ ದುಃಖ ನಿಜವಾಗಿತ್ತು. ತಿಥಿ ಮುಗಿದು, ಮನೆ ತೊಳೆದು, ಪುಣ್ಯಾಹದ ನೀರು ಚಿಮುಕಿಸಿದ ದಿನ ಪೆಟ್ಟಿಗೆಯ ಮೇಲೂ ನಾಲ್ಕು ಹನಿ ಹಾಕಿಸಿ, ಸ್ವಿಚ್ಚು ಹಾಕಿದ. ನನ್ನ ಹಾಡು ಬಂತು. ಶಶಿರೇಖಾಳ ಅಡುಗೆಮನೆಯಲ್ಲಿ ಭಜನೆ ಬಂತು. ಸಮೇತನಹಳ್ಳಿಯ ಹಸಿರು ಚುಕ್ಕೆ ಬರಲಿಲ್ಲ.

ಮೊದಲು ಕರೆಂಟಿಲ್ಲವೇನೋ ಎಂದ. ಆಮೇಲೆ ಫೋನು ಕೆಟ್ಟಿದೆಯೇನೋ ಎಂದ. ಬೆಳಿಗ್ಗೆ, ಸಂಜೆ, ಹಾಲಿನ ಹೊತ್ತಿಗೆ ಸರಿಯಾಗಿ ಆ ಪುಟ ತೆರೆದು ಕೂರುತ್ತಿದ್ದ. ಆ ಹೊತ್ತಿನಲ್ಲಿ ಟ್ರಿಪ್ ಬಂದರೂ ಬಿಟ್ಟುಕೊಡುತ್ತಿದ್ದ. ವಾರ ಕಳೆಯಿತು. ಅವನ ಗಡ್ಡ ಬೆಳೆಯಿತು. ಸೂತಕದಲ್ಲೂ ಇಷ್ಟು ಬಾಡಿರಲಿಲ್ಲ.

“ಮುಗೀತು ಮೂರ್ತಿ,” ಎಂದ ಒಂದು ದಿನ. “ಸಾವಿನ ಮನೇಲಿ ನನ್ ಮುಖ ನೋಡಿ ಹಳೇದೆಲ್ಲ ನೆನಪಾಗಿರ್ಬೇಕು. ಹಾಡೂ ಬ್ಯಾಡ ಅಂದ್ಕಂಡವ್ಳೆ.”

ನನಗೆ ತಡೆಯಲಾಗಲಿಲ್ಲ. ಅವನ ಕೈಯಿಂದ ಕಾರಿನ ಕೀಲಿ ಕಿತ್ತುಕೊಂಡು, “ಹತ್ತು, ಸಮೇತನಹಳ್ಳಿಗೆ ಹೋಗಣ” ಎಂದೆ. ಬೇಡ ಎಂದ. ಹತ್ತದಿದ್ದರೆ ನಾನೊಬ್ಬನೇ ಹೋಗಿ, ನಿಮ್ಮಣ್ಣ ಕದ್ದು ನೋಡುತ್ತಿದ್ದ ಎಂದು ಹೇಳಿಬಿಡುತ್ತೇನೆ ಎಂದೆ. ಹತ್ತಿದ. ಹೊಸಕೋಟೆಯಲ್ಲಿ ನಿಲ್ಲಿಸಿ ಹೂವು, ಬಾಳೆಹಣ್ಣು ತಗೊಳ್ಳುವಾಗ “ಏಲಕ್ಕಿ ಬಾಳೆ ತಗೋ, ಅವ್ಳಿಗೆ ಪಚ್ಚಬಾಳೆ ಆಗಲ್ಲ” ಎಂದ.

ನಾವು ಹೋದಾಗ ಸಂಜೆ ಹಾಲಿನ ಹೊತ್ತು. ಭಾಗ್ಯಮ್ಮನ ಗಂಡ ವೇಣುಗೋಪಾಲ್ ಜಗಲಿಯ ಮೇಲೆ ಕ್ಯಾನು ತೊಳೆಯುತ್ತಿದ್ದ. ನಮ್ಮನ್ನು ಕಂಡು ಒಂದು ಕ್ಷಣ ಗಾಬರಿಯಾದ. ಒಳ್ಳೆಯ ಮನುಷ್ಯ, ತಕ್ಷಣ ಕೈ ಒರೆಸಿಕೊಂಡು ಎದ್ದ. “ಬಾ ಭಾವ. ಕೊಟ್ಟಿಗೇಲಿ ಅವ್ಳೆ,” ಎಂದು ದಾರಿ ಬಿಟ್ಟ.

ಕೊಟ್ಟಿಗೆಯಲ್ಲಿ ಹಾಡಿರಲಿಲ್ಲ. ಭಾಗ್ಯಮ್ಮ ಹಸುವಿನ ಹೊಟ್ಟೆಗೆ ತಲೆ ಆನಿಸಿ ಹಾಲು ಕರೆಯುತ್ತಿದ್ದಳು. ನಮ್ಮನ್ನು ನೋಡಿದಳು. ಕೈ ನಿಲ್ಲಿಸಲಿಲ್ಲ. ಮಾತು ಬಿಟ್ಟವರು ಮಾತಾಡಬೇಕಾಗಿ ಬಂದರೆ ನಮ್ಮಲ್ಲಿ ಪಕ್ಕದಲ್ಲಿರುವವರಿಗೆ ಹೇಳುತ್ತಾರೆ. ಪಕ್ಕದಲ್ಲಿ ಹಸು ಇತ್ತು.

“ನೋಡ್ದೇನೇ ರಾಣಿ,” ಎಂದಳು ಹಸುವಿಗೆ. “ಹಾಡ್ ನಿಲ್ಲಿಸ್ದೋರು ಬಂದವ್ರೆ. ಇನ್ನೇನ್ ನಿಲ್ಲಿಸೋದ್ ಬಾಕಿ ಐತೆ ಅಂತ ಕೇಳು.”

ಕೆಂಪರಾಜು ಕಂಬ ಹಿಡಿದು ನಿಂತ. ಅವನೂ ಹಸುವನ್ನೇ ನೋಡುತ್ತಾ ಹೇಳಿದ, “ಯಾರೂ ನಿಲ್ಲಿಸ್ಲಿಲ್ಲ ಅಂತ ಹೇಳು. ಚಿಕ್ಕಪ್ಪನ ಸೂತಕ ಅಂತ ಪೆಟ್ಟಿಗೆ ಆಫ್ ಮಾಡಿದ್ದೆ. ಕಳೆದ್ಮ್ಯಾಲೆ ಹಾಕಿದೀನಿ.”

ಭಾಗ್ಯಮ್ಮನ ಕೈ ನಿಂತಿತು. “ಸೂತಕ ಮನೆಗೋ, ಕಂಪ್ಯೂಟರಿಗೋ?”

ನನಗೆ ನಗು ಬಂತು, ತಡೆದುಕೊಂಡೆ. ಅವಳು ನಗಲಿಲ್ಲ. ಎದ್ದು, ಗೂಟದಲ್ಲಿದ್ದ ಫೋನು ತೆಗೆದು, ಈ ಸಲ ಹಸುವಿನ ಹಂಗಿಲ್ಲದೆ ನೇರವಾಗಿ ಅಣ್ಣನ ಮುಖದ ಮುಂದೆ ಹಿಡಿದಳು.

“ಹಾಕಿದೀಯ? ನೋಡು. ಅವತ್ತಿಂದ ದಿನಾ ಬೆಳಿಗ್ಗೆ ಒತ್ತುತೀನಿ. ಮೊದ್ಲು ಬರೀ ಚಕ್ರ ತಿರುಗ್ತಿತ್ತು, ಈಗ ದಿನಾ ಇದೇ ಬರ್ತದೆ. ನಿನ್ ಹೆಸ್ರೇನು, ಪಾಸ್‌ವರ್ಡ್ ಏನು ಅಂತದೆ. ನೀನ್ಯಾರು ಅಂತ ಕೇಳ್ತದೆ ಕಣಣ್ಣ, ನಿನ್ ಪೆಟ್ಟಿಗೆ. ನನ್ನ ಕೇಳ್ತದೆ, ನೀನ್ಯಾರು ಅಂತ.”

ಆಗ ನನಗೆ ಹೊಳೆಯಿತು. ಅಷ್ಟು ದಿನ ಆರಿಸಿಟ್ಟು ಮತ್ತೆ ಹೊತ್ತಿಸಿದಾಗ ಪೆಟ್ಟಿಗೆ ಎಲ್ಲರನ್ನೂ ಹೊರಗೆ ಹಾಕಿತ್ತು. ನನ್ನನ್ನೂ ಕೇಳಿತ್ತು. ನಾನು ಪಕ್ಕದ ಕಾರಿನ ಕಡೆ ತಿರುಗಿ “ಲೇ, ಪಾಸ್‌ವರ್ಡ್ ಏನ್ಲಾ?” ಎಂದು ಕೂಗಿದ್ದೆ, ಅವನು ಹೇಳಿದ್ದ, ಅಲ್ಲಿಗೆ ಮುಗಿದಿತ್ತು. ಇವಳು ಯಾರನ್ನು ಕೂಗಿ ಕೇಳಬೇಕಿತ್ತು? ಇಬ್ಬರು ಗಂಡಸರಿಗೂ ಈ ಸಣ್ಣ ವಿಷಯ ತಲೆಗೆ ಬಂದಿರಲಿಲ್ಲ. ನಾಚಿಕೆಯಾಯಿತು.

“ಬಾಗಿನ ವಾಪಸ್ ಕಳಿಸಿದ್ದು ಸಿಟ್ಟಲ್ಲಿ,” ಎಂದಳು ಭಾಗ್ಯಮ್ಮ. “ಕಳಿಸಿದ್ಮ್ಯಾಲೆ ಬೆಳಿಗ್ಗೆ ಎದ್ದು ಹಾಡ್ ಒತ್ತಿ ನೋಡ್ದೆ. ಬಂತು. ಸದ್ಯ, ಅಣ್ಣ ಇದ್ನ ತೆಗೆದಿಲ್ಲ, ತೌರು ಇನ್ನೂ ಐತೆ ಅಂದ್ಕಂಡೆ. ದಿನಾ ಅದ್ಕೇ ಒತ್ತುತಿದ್ದೆ. ಸಾವಿನ ಮನೇಲಿ ಮಾತಾಡಿಸ್ದೆ ಬಂದ್ಬಿಟ್ಟೆ, ಮನೆಗ್ ಬಂದು ಒತ್ತಿದ್ರೆ ಇಲ್ಲ. ಇನ್ನೇನಂತ ತಿಳ್ಕಳ್ಳಿ?”

ಕೆಂಪರಾಜು ಅಳುತ್ತಿದ್ದ. ಅಳುತ್ತಲೇ, ಕೇಳದಿದ್ದರೂ ತಾನೇ ಬಾಯಿಬಿಟ್ಟ. “ನೀನ್ ಹಾಡ್ ಹಾಕ್ದಾಗ್ಲೆಲ್ಲ ನಂಗ್ ಕಾಣ್ತಿತ್ತು ಭಾಗ್ಯ. ಹಸುರು ಚುಕ್ಕೆ ಬರ್ತದೆ. ವರ್ಷದಿಂದ ದಿನಾ ನೋಡ್ತಿದ್ದೆ. ನಿಂಗ್ ಹೇಳ್ಲಿಲ್ಲ.”

ಅವನು ಒಂದು ವರ್ಷ ಹೆದರಿದ್ದು ಇದೇ ಕ್ಷಣಕ್ಕೆ.

“ಕಾಣ್ತಿತ್ತಾ?” ಎಂದಳು. “ದಿನಾ?”

“ದಿನಾ.”

“ನಾನ್ ಕೇಳ್ತಿರೋದು ಕಂಡೂ ಒಂದ್ ಫೋನ್ ಮಾಡಕ್ಕಾಗ್ಲಿಲ್ವಾ ನಿಂಗೆ?” ಅವಳ ದನಿ ಏರಿತು. ಹಸು ಕಿವಿ ನಿಮಿರಿಸಿತು. “ಹೆಣ್ ಕೊಡಲ್ಲ ಅನ್ನೋದನ್ನ ಚಿಕ್ಕಪ್ಪನ ಕೈಲಿ ಹೇಳಿಸ್ದೆ. ಕೊಡದೇ ಇದ್ರೆ ಬಿಡು ಕಣಣ್ಣ, ಕೀರ್ತನಂಗೆ ಇಷ್ಟ ಇಲ್ಲ ಅಂತ ನನ್ ಎದುರಿಗ್ ಕೂತು ನೀನ್ ಹೇಳಿದ್ರೆ ನಾನೇನ್ ಅವ್ಳ ಕತ್ತು ಹಿಸುಕ್ತಿದ್ನಾ? ಒಂದಿನ ಅತ್ತು ಸುಮ್ನಾಗ್ತಿದ್ದೆ. ಆಮೇಲೆ ನನ್ ಮೇಲಿನ ಪ್ರೀತೀನ ಪೆಟ್ಟಿಗೆ ಕೈಲಿ ಹೇಳಿಸ್ದೆ. ಎಲ್ಲಾನೂ ಬ್ಯಾರೇರ್ ಕೈಲಿ ಹೇಳಿಸ್ತೀಯಲ್ಲ, ದೇವ್ರು ನಿಂಗ್ ಬಾಯಿ ಕೊಟ್ಟಿಲ್ವಾ?”

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹೊರಗಿನಿಂದ ವೇಣುಗೋಪಾಲ್, ಡೇರಿ ಬಾಗಿಲು ಹಾಕುತ್ತಾರೆ ಎಂದು ಮೆಲ್ಲಗೆ ಎಚ್ಚರಿಸಿದ. ಭಾಗ್ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಕೂತು ಉಳಿದ ಹಾಲು ಕರೆದಳು. ಕೆಂಪರಾಜು ಅವಳ ಫೋನು ತೆಗೆದುಕೊಂಡು ತಾನು ಅವತ್ತು ಹಾಕಿದ್ದ ಪಾಸ್‌ವರ್ಡ್ ನೆನಪಿಸಿಕೊಳ್ಳಲು ನೋಡಿದ. ಒಂದು ಒತ್ತಿದ, ತಪ್ಪು. ಇನ್ನೊಂದು ಒತ್ತಿದ, ತಪ್ಪು. ಕೊನೆಗೆ ತನ್ನ ಫೋನಿನಿಂದ ಮನೆಗೆ, ಕೀರ್ತನಳಿಗೆ ಕರೆ ಮಾಡಿ ಸ್ಪೀಕರ್ ಹಾಕಿದ.

“ಮಗಾ, ನಿಮ್ಮತ್ತೆ ಪಾಸ್‌ವರ್ಡ್ ಏನಿತ್ತು ನೋಡೇ.”

“ಅತ್ತೆ ಮನೇಲಿದೀಯಾ ಅಪ್ಪ?”

“ಹೂಂ. ಪಕ್ಕದಲ್ಲೇ ಅವ್ಳೆ.”

ಭಾಗ್ಯಮ್ಮ ತಲೆ ಎತ್ತದೆ ಹಾಲು ಕರೆಯುತ್ತಿದ್ದಳು. ಆದರೆ ಕೆಚ್ಚಲಲ್ಲಿ ಹಾಲು ಮುಗಿದಿತ್ತು, ಬರಿಯ ಕೈ ಆಡುತ್ತಿತ್ತು.

“ಹಳೇದು ಯಾರಿಗೂ ಕಾಣಲ್ಲಪ್ಪ,” ಎಂದಳು ಕೀರ್ತನ. “ಹೊಸದು ಇಡ್ಬೇಕು. ನಾನ್ ಪೆಟ್ಟಿಗೆ ಹತ್ರಾನೇ ಇದೀನಿ, ಇಡ್ತೀನಿ. ಏನಿಡ್ಲಿ ಅಂತ ಅತ್ತೇನ ಕೇಳು.”

ಕೆಂಪರಾಜು ತಂಗಿಯ ಕಡೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಭಾಗ್ಯಮ್ಮ ಎದ್ದು ಅವನ ಕೈಯಿಂದ ಎರಡೂ ಫೋನು ಕಿತ್ತುಕೊಂಡಳು. “ಅವ್ನ್ ಕೈಲಿ ಯಾಕ್ ಕೇಳಿಸ್ತೀಯೇ? ನೀನೂ ನಿಮ್ಮಪ್ಪನಂಗೇ ಆದ್ಯಾ? ನನ್ನೇ ಕೇಳು.”

“ಅತ್ತೆ...” ಹುಡುಗಿಯ ದನಿ ಒಡೆಯಿತು. “ಏನಿಡ್ಲಿ ಅತ್ತೆ?”

ಭಾಗ್ಯಮ್ಮ ಒಂದು ಗಳಿಗೆ ಯೋಚಿಸಿದಳು. ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ನಿನ್ನ ತೊಟ್ಲಿಗ್ ಹಾಕ್ದಾಗ ಸೋದರತ್ತೆ ಅಂತ ನಿನ್ ಕಿವೀಲಿ ಹೆಸ್ರು ಹೇಳ್ದೋಳು ನಾನು. ಏನ್ ಹೆಸ್ರು ಅಂತ ನೀನ್ ಕೇಳ್ಲಿಲ್ಲ, ಸುಮ್ನೆ ಒಪ್ಕಂಡೆ. ಈಗ ನೀನ್ ನನ್ ಕಿವೀಲಿ ಹೇಳು. ಏನಿಟ್ರೂ ಒಪ್ಕಂತೀನಿ.”

ಸ್ಪೀಕರ್ ಆರಿಸಿ ಅಣ್ಣನ ಫೋನು ಕಿವಿಗೆ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ನಮಗೇನೂ ಕೇಳಲಿಲ್ಲ. “ಇನ್ನೊಂದ್ ಸಲ ಹೇಳು,” ಎಂದಳು. ಸ್ವಲ್ಪ ತಡೆದು “ಇನ್ನೊಂದ್ ಸಲ,” ಎಂದಳು. ತೊಟ್ಟಿಲ ಶಾಸ್ತ್ರದಲ್ಲಿ ಮೂರು ಸಲವೇ ಹೇಳುವುದು. ಆಮೇಲೆ ಅವಳ ಭುಜ ಕುಣಿಯತೊಡಗಿತು. ನಗುತ್ತಿದ್ದಳೋ ಅಳುತ್ತಿದ್ದಳೋ, ಬೆನ್ನು ನೋಡಿ ನನಗೆ ಗೊತ್ತಾಗಲಿಲ್ಲ.

ತನ್ನ ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಅಣ್ಣ ಬಗ್ಗಿ ನೋಡಲು ಹೋದರೆ ಕೈ ಅಡ್ಡ ಹಿಡಿದಳು. ಕೊಟ್ಟಿಗೆಯಲ್ಲಿ ಹಾಡು ಬಂತು. ವೇಣುಗೋಪಾಲ್ ಕ್ಯಾನು ಎತ್ತಿಕೊಂಡು ಡೇರಿಗೆ ಓಡಿದ.

“ಏನಿಟ್ಳೇ?” ಎಂದು ಕೇಳಿದ ಕೆಂಪರಾಜು. “ನಂಗೂ ಹೇಳೇ. ನಾಳೆ ಮತ್ತೆ ಹಿಂಗಾದ್ರೆ?”

“ನಾಳೆ ಹಿಂಗಾದ್ರೆ ನಾನ್ ಅವ್ಳಿಗ್ ಫೋನ್ ಮಾಡ್ತೀನಿ,” ಎಂದಳು ಭಾಗ್ಯಮ್ಮ. “ನಿಂಗ್ ಬೇಕಾದ್ರೆ ನೀನ್ ನಂಗ್ ಫೋನ್ ಮಾಡಿ ಕೇಳು. ಯಾವತ್ತಾದ್ರೂ ಹೇಳ್ತೀನಿ.”

ಕೆಂಪರಾಜು ಈಗ ದಿನವೂ ಸಂಜೆ ಹಾಲಿನ ಹೊತ್ತಿಗೆ ಸಮೇತನಹಳ್ಳಿಗೆ ಫೋನ್ ಮಾಡಿ ಕೇಳುತ್ತಾನೆ. ಅವಳು ಇನ್ನೂ ಹೇಳಿಲ್ಲ.